ಕಡತ ನಮ್ಮ ಕೈಯಲ್ಲಿರಲಿ

ಕಳೆದ ರಾಜ್ಯೋತ್ಸವದ ಮರುದಿನ ಸೂರತ್ತಿನ ಗೆಳೆಯರೊಬ್ಬರು ದೂರವಾಣಿ ಮಾಡಿ, ತಮ್ಮ ತಂದೆಯವರು 1980ರ ದಶಕದಲ್ಲಿ ಬರೆದ ಒಂದು ಪ್ರಬಂಧವನ್ನು ಕೇಳಿದರು. ಗದಗಿನ ಕಡೆಯಿಂದ ಅಹಮದಾಬಾದಿನ ಬಟ್ಟೆ ಗಿರಣಿಗೆ ದುಡಿಯಲು ಬಂದ ಆ ಹಿರಿಯರು, ಮಗ್ಗಗಳ ಸದ್ದಿನ ನಡುವೆ ಸನ್ನೆಯಲ್ಲೇ ಮಾತನಾಡಿಕೊಳ್ಳುತ್ತಿದ್ದ ಕೆಲಸಗಾರರನ್ನು ಕುರಿತು ಬರೆದ ನಾಲ್ಕು ಪುಟಗಳು ಅವು. ಸ್ಮರಣ ಸಂಚಿಕೆಯೊಂದರಲ್ಲಿ ಅಚ್ಚಾಗಿದ್ದುದನ್ನು ನಮ್ಮ ಬಳಗವು ಹತ್ತು ವರ್ಷಗಳ ಹಿಂದೆ ತನ್ನ ಜಾಲತಾಣಕ್ಕೆ ಏರಿಸಿತ್ತು. “ತಾಣದಲ್ಲೇ ಇದೆಯಲ್ಲ, ನೋಡಿ” ಎಂದೆ. ಅವರು ನೋಡಿದ ಮೇಲೆಯೇ ನನ್ನನ್ನು ಕೇಳಿದ್ದರು. ನಮ್ಮ ವಿಳಾಸವನ್ನು ಒತ್ತಿದರೆ ಅಲ್ಲಿ ಯಾವುದೋ ಜೂಜಾಟದ ಜಾಹೀರಾತು ತೆರೆದುಕೊಳ್ಳುತ್ತಿತ್ತು.

ನಡೆದದ್ದು ಇಷ್ಟೇ. ತಾಣವನ್ನು ನೋಡಿಕೊಳ್ಳುತ್ತಿದ್ದ ತರುಣ ಕೆಲಸ ಬದಲಿಸಿ ಬೇರೆ ಊರಿಗೆ ಹೋದ. ವಿಳಾಸವನ್ನು ನವೀಕರಿಸಬೇಕೆಂಬ ಪತ್ರಗಳು ಯಾರೂ ತೆರೆಯದ ಮಿಂಚಂಚೆಗೆ ಬಂದು ಬಿದ್ದವು. ಹಣ ಸಂದಾಯವಾಗದೆ ಅವಧಿ ಮುಗಿಯಿತು. ಜಾಗ ಕೊಟ್ಟಿದ್ದ ಸಂಸ್ಥೆ ತನ್ನ ನಿಯಮದಂತೆ ದತ್ತಾಂಶವನ್ನು ಅಳಿಸಿತು. ವಿಳಾಸವನ್ನು ಬೇರೆ ಯಾರೋ ಕೊಂಡುಕೊಂಡರು. ಅಚ್ಚಿನ ಸಂಚಿಕೆಗಳ ಕತೆ ಇನ್ನೂ ಬೇಸರದ್ದು. “ಈಗ ಎಲ್ಲವೂ ಜಾಲದಲ್ಲಿದೆ” ಎಂಬ ಧೈರ್ಯದ ಮೇಲೆ ಮನೆ ಬದಲಿಸುವಾಗ ನಾವೇ ಅವನ್ನು ರದ್ದಿಗೆ ಹಾಕಿದ್ದೆವು. ಇಂಟರ್‌ನೆಟ್ ಆರ್ಕೈವ್‌ನ ಹಳೆಯ ಪುಟಗಳ ಸಂಗ್ರಹದಲ್ಲಿ ಹುಡುಕಿದಾಗ ನಮ್ಮ ಮುಖಪುಟದ ಒಂದು ಪ್ರತಿ ಸಿಕ್ಕಿತು. ಅದರಲ್ಲಿ ಆ ಪ್ರಬಂಧದ ಶೀರ್ಷಿಕೆ ಇತ್ತು, ಮೊದಲ ಮೂರು ಸಾಲುಗಳಿದ್ದವು. “ಮುಂದೆ ಓದಿ” ಎಂಬ ಕೊಂಡಿಯ ಆಚೆಗೆ ಏನೂ ಇರಲಿಲ್ಲ.

ಯಾರನ್ನೂ ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ತಪ್ಪು ನಮ್ಮದೇ, ಅದು ಮರೆವಿನ ತಪ್ಪು ಮಾತ್ರವೂ ಅಲ್ಲ, ವ್ಯವಸ್ಥೆಯನ್ನು ಆರಿಸಿಕೊಂಡುದರಲ್ಲೇ ಇದ್ದ ತಪ್ಪು. ಬರೆಹ ನಮ್ಮದಾಗಿದ್ದರೂ ಅದರ ಏಕೈಕ ಪ್ರತಿಯನ್ನು ಮತ್ತೊಬ್ಬರ ಯಂತ್ರದೊಳಗೆ, ನಾವು ತೆರೆದು ನೋಡಲಾಗದ ರೂಪದಲ್ಲಿ ಇರಿಸಿದ್ದೆವು. ನಮ್ಮಂಥ ಸಣ್ಣ ಸಾಹಿತ್ಯ ಬಳಗಗಳು, ಅದರಲ್ಲೂ ನಾಡಿನ ಹೊರಗಿರುವಂಥವು, ತಮ್ಮ ಬರೆಹಗಳನ್ನು ಸಾದಾ ಪಠ್ಯದ ಕಡತಗಳಾಗಿ ತಮ್ಮ ಬಳಿಯೇ ಇಟ್ಟುಕೊಳ್ಳಬೇಕು. ಆ ಕಡತಗಳಿಂದ ‘ಸ್ಟ್ಯಾಟಿಕ್ ಸೈಟ್ ಜನರೇಟರ್’ ಎಂಬ ಸಾಧನದ ಮೂಲಕ ತಾಣವನ್ನು ಕಟ್ಟಿಕೊಳ್ಳಬೇಕು ಎಂಬುದು ಈ ಲೇಖನದ ವಾದ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ನಾನು ಗಣಕ ವಿಜ್ಞಾನವನ್ನು ಓದಿದವನಲ್ಲ. ವಡೋದರಾದ ನನ್ನ ಮನೆಯಲ್ಲಿ ಕೂತು ಎರಡು ಸಂಜೆಗಳಲ್ಲಿ ಇದನ್ನು ಕಲಿತೆ; ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ಮೊದಲು ವ್ಯತ್ಯಾಸವನ್ನು ತಿಳಿಯೋಣ. ನಮ್ಮ ಹಳೆಯ ತಾಣದಂಥವು ಖಾನಾವಳಿಯ ಹಾಗೆ. ಗಿರಾಕಿ ಬಂದು ಕೇಳಿದಾಗಲೆಲ್ಲ ಒಲೆ ಹೊತ್ತಿಸಿ ರೊಟ್ಟಿ ತಟ್ಟಬೇಕು. ಓದುಗ ಬಾಗಿಲು ತಟ್ಟಿದಾಗ ಒಂದು ತಂತ್ರಾಂಶ ಎಚ್ಚರಗೊಂಡು, ದತ್ತಸಂಚಯದಿಂದ ಲೇಖನವನ್ನು ತೆಗೆದು, ಶಿರೋಭಾಗ, ಪಾರ್ಶ್ವಪಟ್ಟಿಗಳನ್ನು ಜೋಡಿಸಿ, ಆ ಗಳಿಗೆಯಲ್ಲೇ ಪುಟವನ್ನು ಸಿದ್ಧಪಡಿಸಿ ಕೊಡುತ್ತದೆ. ಅಂಗಡಿ ವ್ಯಾಪಾರಕ್ಕೂ ಬ್ಯಾಂಕಿಗೂ ಇದು ಬೇಕೇ ಬೇಕು. ಅಲ್ಲಿ ಕ್ಷಣಕ್ಷಣಕ್ಕೂ ಲೆಕ್ಕ ಬದಲಾಗುತ್ತದೆ. ಆದರೆ 1985ರಲ್ಲಿ ಬರೆದ ಪ್ರಬಂಧ 2025ರಲ್ಲೂ ಅದೇ. ಅದಕ್ಕಾಗಿ ಹಗಲಿರುಳು ಒಲೆ ಉರಿಸುವುದೇಕೆ? ಒಲೆ ಇದ್ದಲ್ಲಿ ಅದನ್ನು ಕಾಯುವವರೂ ಬೇಕು. ತಂತ್ರಾಂಶವನ್ನು ಕಾಲಕಾಲಕ್ಕೆ ಪರಿಷ್ಕರಿಸದಿದ್ದರೆ ಕಳ್ಳರು ನುಗ್ಗುತ್ತಾರೆ. ಸ್ಥಿರ ತಾಣವು ನಮ್ಮ ಉತ್ತರ ಕರ್ನಾಟಕದ ಖಡಕ್ ರೊಟ್ಟಿಯಂತೆ, ಇಲ್ಲಿಯ ಖಾಖ್ರಾದಂತೆ. ಒಮ್ಮೆ ಬೇಯಿಸಿ ಜೋಡಿಸಿಟ್ಟರೆ ಆಯಿತು. ಬಂದವರಿಗೆ ಎತ್ತಿ ಕೊಡುವುದಷ್ಟೇ ಕೆಲಸ. ಪುಟಗಳೆಲ್ಲ ಮೊದಲೇ ಸಿದ್ಧವಾಗಿರುತ್ತವೆ. ಒಡೆಯಲು ದತ್ತಸಂಚಯವಿಲ್ಲ, ನುಗ್ಗಲು ಅಡುಗೆಮನೆಯಿಲ್ಲ.

ಇದೇನೂ ಹೊಸ ಶೋಧವಲ್ಲ. 1991ರಲ್ಲಿ ಟಿಮ್ ಬರ್ನರ್ಸ್‌ಲೀ ಸರ್ನ್ ಸಂಸ್ಥೆಯಲ್ಲಿ ತೆರೆದ ಜಗತ್ತಿನ ಮೊದಲ ಜಾಲತಾಣವೂ ಹೀಗೆಯೇ ಬರೆದಿಟ್ಟ ಪುಟಗಳ ಕಟ್ಟು. ಆದರೆ ನೂರು ಪುಟಗಳಾದಾಗ ಪ್ರತಿಯೊಂದರಲ್ಲೂ ಶಿರೋಭಾಗವನ್ನು ಕೈಯಿಂದ ತಿದ್ದುವುದು ದುಸ್ತರ. ಆ ಯಾಂತ್ರಿಕ ದುಡಿಮೆಯನ್ನು ಜನರೇಟರ್ ವಹಿಸಿಕೊಳ್ಳುತ್ತದೆ. ಜಾನ್ ಗ್ರೂಬರ್ 2004ರಲ್ಲಿ ‘ಮಾರ್ಕ್‌ಡೌನ್’ ಎಂಬ ಸರಳ ಬರೆವಣಿಗೆಯ ಕ್ರಮವನ್ನು ಕೊಟ್ಟರು. 2008ರಲ್ಲಿ ‘ಜೆಕಿಲ್’, 2013ರಲ್ಲಿ ‘ಹ್ಯೂಗೋ’ ಬಂದವು. ಎಲ್ಲವೂ ಉಚಿತ, ಎಲ್ಲವೂ ಮುಕ್ತ ತಂತ್ರಾಂಶಗಳು. ನಾನು ಹ್ಯೂಗೋವನ್ನು ಆರಿಸಿಕೊಂಡೆ. ಅದು ಒಂದೇ ಒಂದು ಕಡತವಾಗಿ ಬರುತ್ತದೆ, ಜೊತೆಗೆ ಬೇರೇನನ್ನೂ ಸ್ಥಾಪಿಸುವ ರಗಳೆಯಿಲ್ಲ ಎಂಬುದೇ ಕಾರಣ.

ಆರಂಭ ಹೀಗೆ. ಗಣಕದಲ್ಲಿರುವ ಸಾದಾ ನೋಟ್‌ಪ್ಯಾಡ್‌ನಲ್ಲಿ ಲೇಖನವನ್ನು ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿ. ತಲೆಯ ಮೇಲೆ ಮೂರು ಅಡ್ಡಗೆರೆಗಳ ನಡುವೆ ಶೀರ್ಷಿಕೆ, ಲೇಖಕರು, ದಿನಾಂಕ, ಮೊದಲು ಅಚ್ಚಾದ ಸಂಚಿಕೆ ಇಷ್ಟನ್ನು ಬರೆಯಿರಿ. ಕೆಳಗೆ ಲೇಖನ. ಎರಡು ಪ್ಯಾರಾಗಳ ನಡುವೆ ಒಂದು ಖಾಲಿ ಸಾಲು. ಉಪಶೀರ್ಷಿಕೆಯ ಮುಂದೆ ಒಂದು ‘#’ ಚಿಹ್ನೆ. ಮಾರ್ಕ್‌ಡೌನಿನಲ್ಲಿ ನಮಗೆ ಬೇಕಾದುದು ಬಹುಪಾಲು ಇಷ್ಟೇ. ಬಳಿಕ ಹ್ಯೂಗೋಗೆ ಹೊಸ ತಾಣವನ್ನು ತೆರೆಯಲು ಒಂದು ಸಾಲಿನ ಆಜ್ಞೆ ಕೊಟ್ಟರೆ ಅದು ಕೆಲವು ಫೋಲ್ಡರುಗಳನ್ನು ಮಾಡಿಕೊಡುತ್ತದೆ. ಲೇಖನಗಳು ‘ಕಂಟೆಂಟ್’ ಫೋಲ್ಡರಿಗೆ, ಚಿತ್ರಗಳು ‘ಸ್ಟ್ಯಾಟಿಕ್’ ಫೋಲ್ಡರಿಗೆ, ಬೇರೆಯವರು ಉಚಿತವಾಗಿ ರೂಪಿಸಿಕೊಟ್ಟ ವಿನ್ಯಾಸ ‘ಥೀಮ್ಸ್’ ಫೋಲ್ಡರಿಗೆ. ಸಂರಚನೆಯ ಕಡತದಲ್ಲಿ ತಾಣದ ಹೆಸರು, ವಿಳಾಸ, ಭಾಷೆ ಕನ್ನಡವೆಂಬ ಸಂಕೇತ. ಇನ್ನೊಂದು ಆಜ್ಞೆ ಕೊಟ್ಟರೆ ಇಡೀ ತಾಣ ನಿಮ್ಮ ಗಣಕದಲ್ಲೇ, ಅಂತರ್ಜಾಲದ ಸಂಪರ್ಕವಿಲ್ಲದೆಯೂ, ಬ್ರೌಸರಿನಲ್ಲಿ ಕಾಣುತ್ತದೆ. ತೃಪ್ತಿಯಾದ ಮೇಲೆ ಮೂರನೆಯ ಆಜ್ಞೆ. ಅದು ‘ಪಬ್ಲಿಕ್’ ಎಂಬ ಫೋಲ್ಡರಿನಲ್ಲಿ ಸಿದ್ಧ ಪುಟಗಳನ್ನು ತುಂಬುತ್ತದೆ. ಆ ಫೋಲ್ಡರೇ ತಾಣ. ಅದನ್ನು ಗಿಟ್‌ಹಬ್ ಪೇಜಸ್‌ನಂಥ ಉಚಿತ ಜಾಗಕ್ಕಾಗಲಿ ಹಣ ಕೊಟ್ಟು ಪಡೆದ ಜಾಗಕ್ಕಾಗಲಿ ಏರಿಸಿದರೆ ಮುಗಿಯಿತು. ಸ್ವಂತ ವಿಳಾಸ ಬೇಕಿದ್ದರೆ ಅದಕ್ಕೆ ವರ್ಷಕ್ಕೊಮ್ಮೆ ಕೊಡುವ ಶುಲ್ಕವೊಂದೇ ಖರ್ಚು.

ಮೊದಲ ಸಂಜೆ ನಾನು ಎಡವಿದ ಜಾಗಗಳನ್ನೂ ಹೇಳಬೇಕು. ಬರೆದ ಲೇಖನ ತಾಣದಲ್ಲಿ ಕಾಣಲೇ ಇಲ್ಲ. ಹ್ಯೂಗೋ ತಾನೇ ಸೃಷ್ಟಿಸಿದ ಕಡತದ ತಲೆಯಲ್ಲಿ ‘ಡ್ರಾಫ್ಟ್’ ಎಂಬ ಗುರುತು ಇರುತ್ತದೆ. ಅದನ್ನು ತೆಗೆಯುವವರೆಗೆ ಪುಟ ಪ್ರಕಟವಾಗದು. ದಿನಾಂಕ ಮುಂದಿನದಾಗಿದ್ದರೂ ಹಾಗೆಯೇ. ಎರಡನೆಯದು ಕಡತದ ಹೆಸರು. ನಾನು ಅಭಿಮಾನದಿಂದ ಕನ್ನಡದಲ್ಲೇ ಹೆಸರಿಟ್ಟೆ. ಬ್ರೌಸರಿನಲ್ಲಿ ಚೆನ್ನಾಗಿ ಕಂಡ ಆ ವಿಳಾಸವನ್ನು ನಕಲಿಸಿ ಗೆಳೆಯರಿಗೆ ಕಳುಹಿಸಿದಾಗ, ಒಂದೊಂದು ಕನ್ನಡ ಸಂಕೇತವೂ ಒಂಬತ್ತು ರೋಮನ್ ಚಿಹ್ನೆಗಳಾಗಿ ಒಡೆದು ನಾಲ್ಕು ಸಾಲಿನ ಗೋಜಲಾಯಿತು. ಅಂದಿನಿಂದ ಕಡತದ ಹೆಸರು ಮಾತ್ರ ರೋಮನ್ ಅಕ್ಷರಗಳಲ್ಲಿ, ಮುಂದೆ ಇಸವಿ, ಒಳಗೆಲ್ಲ ಕನ್ನಡ.

ಕನ್ನಡಕ್ಕೇ ಸೇರಿದ ತೊಡಕುಗಳು ಇನ್ನೂ ಇವೆ. ಇಂಗ್ಲಿಷಿಗೆಂದು ರೂಪಿಸಿದ ವಿನ್ಯಾಸದಲ್ಲಿ ಸಾಲುಗಳು ಇಕ್ಕಟ್ಟಾಗಿರುತ್ತವೆ. ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಸಾಲಿನ ಎತ್ತರವನ್ನು ಅಕ್ಷರದ ಅಳತೆಯ ಒಂದೂಮುಕ್ಕಾಲು ಪಟ್ಟಿಗೆ ಏರಿಸಿದರೆ ಓದು ಹಗುರವಾಗುತ್ತದೆ. ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ ಮೊದಲಾದ ಉಚಿತ ಅಕ್ಷರವಿನ್ಯಾಸಗಳ ಕಡತವನ್ನು ನಮ್ಮ ಫೋಲ್ಡರಿನಲ್ಲೇ ಇರಿಸಿಕೊಳ್ಳುವುದು ಒಳಿತು. ಎಲ್ಲಕ್ಕಿಂತ ದೊಡ್ಡ ಕೆಲಸ ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್‌ಗೆ ಮುಂಚೆ ಬೆರಳಚ್ಚಾದ ಕಡತಗಳದು. ಆ ಅಕ್ಷರವಿನ್ಯಾಸ ಇಲ್ಲದ ಗಣಕದಲ್ಲಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಪರಿವರ್ತಕಗಳಿವೆ, ಆದರೆ ಪರಿವರ್ತಿಸಿದ ಮೇಲೆ ಅರ್ಕಾವತ್ತು ಸ್ಥಾನ ತಪ್ಪಿರುತ್ತದೆ, ಒತ್ತು ಕಳಚಿರುತ್ತದೆ, ಅಂಕಿಗಳು ಚಿಹ್ನೆಗಳಾಗಿರುತ್ತವೆ. ಕರಡು ತಿದ್ದಲು ಕನ್ನಡ ಬಲ್ಲ ಕಣ್ಣುಗಳೇ ಬೇಕು. ತಾಣ ಕಟ್ಟಲು ಎರಡು ಸಂಜೆ ಸಾಕಾದರೆ, ಹತ್ತು ಸಂಚಿಕೆಗಳ ಕರಡು ತಿದ್ದಲು ಎರಡು ವರ್ಷ ಬೇಕಾದೀತು. ತಂತ್ರಜ್ಞಾನ ತಿಳಿಯದೆಂದು ಹಿಂದೆ ಸರಿಯುವ ಹಿರಿಯರಿಗೆ ನನ್ನ ಬಿನ್ನಹವಿದು: ಈ ಕೆಲಸದಲ್ಲಿ ತಂತ್ರದ ಪಾಲು ಕಿರಿದು, ನಿಮ್ಮ ಪಾಲು ಹಿರಿದು.

ಇಷ್ಟೆಲ್ಲ ಶ್ರಮವೇಕೆ, ಪುಟಗಳ ಚಿತ್ರ ತೆಗೆದು ಪಿಡಿಎಫ್ ಮಾಡಿ ಹಾಕಬಾರದೆ ಎಂದು ನಮ್ಮ ಸಭೆಯಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಕಾಗದ ಹಾಳಾಗುವ ಮುನ್ನ ಚಿತ್ರ ತೆಗೆಯಲೇಬೇಕು. ಆದರೆ ಚಿತ್ರ ಕೇವಲ ಚಿತ್ರ. ಪಠ್ಯವಾದರೆ ಅದನ್ನು ಹುಡುಕಬಹುದು, ಅಕ್ಷರವನ್ನು ದೊಡ್ಡದು ಮಾಡಬಹುದು, ಮೊಬೈಲಿಗೆ ಗಟ್ಟಿಯಾಗಿ ಓದಿ ಹೇಳಲು ಒಪ್ಪಿಸಬಹುದು. ಗುಜರಾತಿನ ಕನ್ನಡಿಗರಾದ ನಮಗೆ ಇನ್ನೂ ಒಂದು ಲಾಭವಿದೆ. ನನ್ನನ್ನು ಈ ದಾರಿಗೆ ಪೂರ್ತಿ ಒಲಿಸಿದ್ದು ಅದೇ.

ಸೂರತ್ತಿನಲ್ಲಿ ಬೆಳೆಯುತ್ತಿರುವ ನನ್ನ ಮೊಮ್ಮಗಳು ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ, ಕನ್ನಡ ಓದಲಾರಳು. ಗುಜರಾತಿಯನ್ನು ಮಾತ್ರ ಸರಾಗವಾಗಿ ಓದುತ್ತಾಳೆ. ಒಂದರಿಂದ ಎಂಟನೆಯ ತರಗತಿಯವರೆಗೆ ಗುಜರಾತಿ ಕಲಿಕೆಯನ್ನು ಕಡ್ಡಾಯ ಮಾಡಿದ 2023ರ ಕಾಯಿದೆಯ ಬಳಿಕ ಇಲ್ಲಿಯ ಕನ್ನಡ ಮಕ್ಕಳೆಲ್ಲರ ಸ್ಥಿತಿ ಹೆಚ್ಚುಕಡಿಮೆ ಇದೇ ಆಗಲಿದೆ. ಅವರ ಕಿವಿಗೆ ಕನ್ನಡ ಗೊತ್ತು, ಕಣ್ಣಿಗೆ ಗುಜರಾತಿ ಗೊತ್ತು. ಯೂನಿಕೋಡ್‌ನಲ್ಲಿ ಭಾರತೀಯ ಲಿಪಿಗಳ ಕೋಷ್ಟಕಗಳನ್ನು ಒಂದೇ ಅಚ್ಚಿನಲ್ಲಿ ಜೋಡಿಸಿದ್ದಾರೆ. ಕನ್ನಡದ ‘ಕ’ ಇರುವ ಮನೆಯಿಂದ 512 ಮನೆ ಹಿಂದಕ್ಕೆ ಎಣಿಸಿದರೆ ಗುಜರಾತಿಯ ‘ಕ’ ಸಿಗುತ್ತದೆ. ‘ಮ’ದಿಂದ 512 ಮನೆ ಹಿಂದಕ್ಕೆ ‘ಮ’. ಹಾಗಾಗಿ ಕನ್ನಡ ಕಡತವೊಂದನ್ನು ಓದಿ ಗುಜರಾತಿ ಲಿಪಿಯ ಇನ್ನೊಂದು ಪ್ರತಿಯನ್ನು ಬರೆಯುವ ಪುಟ್ಟ ಪ್ರೋಗ್ರಾಂ ಕೆಲವೇ ಸಾಲುಗಳದು. ತಾಣ ಕಟ್ಟುವ ಮುನ್ನ ಅದನ್ನು ಒಮ್ಮೆ ಓಡಿಸಿದರೆ, ಒಂದೇ ಮೂಲದಿಂದ ಒಂದೇ ಪ್ರಬಂಧ ಎರಡು ಲಿಪಿಗಳಲ್ಲಿ ಪ್ರಕಟವಾಗುತ್ತದೆ.

ನಷ್ಟಗಳಿವೆ. ಗುಜರಾತಿಯಲ್ಲಿ ಹ್ರಸ್ವ ‘ಎ’, ‘ಒ’ಗಳಿಗೆ ಬೇರೆ ಅಕ್ಷರಗಳಿಲ್ಲ, ‘ಎಲೆ’ ‘ಏಲೇ’ ಆಗುತ್ತದೆ. ಪದದ ಕೊನೆಯ ಅಕಾರವನ್ನು ಗುಜರಾತಿ ಓದುಗರು ನುಂಗುತ್ತಾರೆ. ನನ್ನ ಮೊಮ್ಮಗಳು ‘ಮರ’ವನ್ನು ‘ಮರ್’ ಎಂದೇ ಓದಿದಳು. ಅವಳ ಅಜ್ಜಿ ಪಕ್ಕದಲ್ಲಿ ಕೂತು ತಿದ್ದಿದಳು. ಮೂರನೆಯ ಪ್ಯಾರಾ ಹೊತ್ತಿಗೆ ಮಗು ತಾನೇ ತಿದ್ದಿಕೊಳ್ಳತೊಡಗಿತು. ಲಿಪಿಯನ್ನು ಬಿಟ್ಟುಕೊಟ್ಟರೆ ಭಾಷೆ ಉಳಿದೀತೆ ಎಂದು ಆಕ್ಷೇಪಿಸುವವರಿದ್ದಾರೆ. ನಾನು ಬಿಟ್ಟುಕೊಡಿ ಎನ್ನುತ್ತಿಲ್ಲ. ಎರಡು ಲಿಪಿಗಳನ್ನು ಅಕ್ಕಪಕ್ಕದಲ್ಲಿ ಇಡೋಣ ಎನ್ನುತ್ತಿದ್ದೇನೆ. ಬಾಗಿಲು ಗುಜರಾತಿಯದಾದರೂ ಒಳಗಿನ ಮನೆ ಕನ್ನಡದ್ದೇ. ಬಾಗಿಲೇ ಇಲ್ಲದ ಮನೆಗೆ ಮಕ್ಕಳು ಹೇಗೆ ಬಂದಾರು?

ಉಳಿದ ಆಕ್ಷೇಪಗಳನ್ನೂ ನೋಡೋಣ. ವಾಟ್ಸಾಪ್ ಗುಂಪು ಇರುವಾಗ ತಾಣವೇಕೆ? ಸುದ್ದಿ ಮುಟ್ಟಿಸಲು ಅದು ಉತ್ತಮ, ಕಾಪಿಡಲು ಅಲ್ಲ. ಕಳೆದ ವರ್ಷ ಅಲ್ಲಿ ಓದಿ ಮೆಚ್ಚಿದ ಕವಿತೆಯನ್ನು ಈಗ ಹುಡುಕಿ ನೋಡಿ. ಉಚಿತ ಬ್ಲಾಗು ಸೇವೆಗಳು ಸುಲಭವಲ್ಲವೇ? ಹೌದು, ಸುಲಭ. ಅಷ್ಟೇ ಸಾಧ್ಯವಿರುವವರು ಅದನ್ನೇ ಮಾಡಲಿ. ತಿಂಗಳಿಗೊಮ್ಮೆ ಪ್ರತಿ ಇಳಿಸಿಕೊಳ್ಳಲಿ. ಜಿಯೋಸಿಟೀಸ್ ಎಂಬ ಭಾರೀ ಉಚಿತ ಸೇವೆ 2009ರಲ್ಲಿ ಬಾಗಿಲು ಹಾಕಿದಾಗ ಎಷ್ಟೋ ಜನರ ಪುಟಗಳು ಅದರೊಂದಿಗೇ ಹೋದವು. ಓದುಗರ ಪ್ರತಿಕ್ರಿಯೆಗೆ ಸ್ಥಿರ ತಾಣದಲ್ಲಿ ಎಡೆಯಿಲ್ಲವೆಂಬುದು ಬಹುಮಟ್ಟಿಗೆ ನಿಜ. ಹಳೆಯ ಪತ್ರಿಕೆಗಳು ಮಾಡುತ್ತಿದ್ದಂತೆ, ಮಿಂಚಂಚೆಯಲ್ಲಿ ಬಂದ ಒಳ್ಳೆಯ ಪತ್ರಗಳನ್ನು ಆಯ್ದು ಲೇಖನದ ಕೆಳಗೆ ಸೇರಿಸಬಹುದು. ಪತ್ರಗಳ ಗುಣ ಹೆಚ್ಚೀತೇ ಹೊರತು ತಗ್ಗದು. ಹ್ಯೂಗೋ ಕೂಡ ನಾಳೆ ಬದಲಾಗದೇ? ಬದಲಾಗುತ್ತದೆ, ಹೊಸ ಆವೃತ್ತಿ ಬಂದಾಗ ಹಳೆಯ ವಿನ್ಯಾಸಗಳು ಕೆಡುವುದುಂಟು. ಆದರೆ ಆಗಲೇ ಕಟ್ಟಿದ ಪುಟಗಳು ಹಾಗೆಯೇ ಇರುತ್ತವೆ, ಮೂಲ ಕಡತಗಳನ್ನು ಬೇರೆ ಯಾವ ಸಾಧನಕ್ಕಾದರೂ ಒಯ್ಯಬಹುದು. ಸಾಧನ ಸತ್ತರೂ ಬರೆಹ ಸಾಯದಿರುವುದೇ ಈ ಕ್ರಮದ ಸಾರ.

ಈ ಸಾರವನ್ನು ನಮಗೆ ಈ ನೆಲವೇ ಕಲಿಸಿದೆ. ಒಂಬತ್ತನೆಯ ಶತಮಾನದಲ್ಲಿ ದಕ್ಷಿಣ ಗುಜರಾತನ್ನು, ಅಂದಿನ ಲಾಟವನ್ನು, ಆಳುತ್ತಿದ್ದವರು ಕನ್ನಡ ನಾಡಿನ ರಾಷ್ಟ್ರಕೂಟರ ಒಂದು ಶಾಖೆ. ಆ ಶಾಖೆಯ ಕರ್ಕನು ಕ್ರಿ.ಶ. 812ರಲ್ಲಿ ಬರೆಯಿಸಿದ ತಾಮ್ರಪಟದಲ್ಲಿ ವಟಪದ್ರಕವೆಂಬ ಊರಿನ ದಾನದ ಉಲ್ಲೇಖವಿದೆ. ಅದೇ ಇಂದಿನ ವಡೋದರಾ. ಅವನದೇ 821ರ ತಾಮ್ರಪಟ ಸೂರತ್ತಿನ ಹೆಸರಿನಲ್ಲಿ ಪ್ರಸಿದ್ಧ. ‘ಕವಿರಾಜಮಾರ್ಗ’ದೊಂದಿಗೆ ನಾವು ನೆನೆಯುವ ಅಮೋಘವರ್ಷನ 871ರ ತಾಮ್ರಪಟ ಸಿಕ್ಕಿದ್ದು ಇಂದಿನ ವಲಸಾಡ್ ಜಿಲ್ಲೆಯ ಸಂಜಾಣದಲ್ಲಿ. ಅರಮನೆಗಳಲ್ಲಿ ಇದ್ದಿರಬಹುದಾದ ಲೆಕ್ಕಪತ್ರಗಳು ನಮಗೆ ಉಳಿದಿಲ್ಲ. ಉಳಿದದ್ದು ದಾನ ಪಡೆದವನ ಕೈಗೆ ಕೊಟ್ಟ ಪಟ. ಯಾರಿಗೆ ಅದು ಬೇಕಾಗಿತ್ತೋ ಅವರ ಬಳಿಯೇ ಇದ್ದುದರಿಂದ ಅದು ಉಳಿಯಿತು.

ಕೈಯಲ್ಲಿದ್ದರೆ ಸಾಲದು, ಪ್ರತಿಗಳೂ ಬೇಕು. ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಗೆ ಇದು ತಿಳಿದಿತ್ತು. ಅವಳಿಗೆ ಸಾವಿರ ಓಲೆಕಟ್ಟುಗಳೂ ಅವುಗಳ ಲಿಪಿಕಾರರೂ ಬೇಕಾಗಿದ್ದರು. ನಮ್ಮ ಎರಡು ಸಾವಿರ ಪದಗಳ ಪ್ರಬಂಧವೊಂದರ ಪಠ್ಯ 50 ಕಿಲೋಬೈಟಿನ ಆಸುಪಾಸು. ಸಾವಿರ ಪ್ರಬಂಧಗಳು ಸೇರಿದರೂ 50 ಮೆಗಾಬೈಟು. ಮೂರು ನಗರಗಳ ಮೂರು ಮನೆಗಳಲ್ಲಿ, ಊರಿನ ಒಂದು ಮನೆಯಲ್ಲಿ ಪೆನ್ ಡ್ರೈವಿನಲ್ಲಿಟ್ಟರೆ ಅದೇ ನಮ್ಮ ಪುಸ್ತಕದಾನ. ಕಾಯುವ ಕ್ರಮಕ್ಕೂ ಇಲ್ಲಿ ಮಾದರಿಯಿದೆ. ಕಾರ್ತಿಕ ಶುದ್ಧ ಪಂಚಮಿಯ ಜ್ಞಾನಪಂಚಮಿಯಂದು ಗುಜರಾತಿನ ಜೈನರು ಭಂಡಾರಗಳ ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಪೂಜಿಸಿ ಮತ್ತೆ ಒಳಗಿಡುವ ರೂಢಿಯಿದೆ. ವರ್ಷಕ್ಕೊಂದು ದಿನ ಪ್ರತಿಯೊಂದು ಕಟ್ಟನ್ನೂ ಯಾರಾದರೂ ಮುಟ್ಟಿ ನೋಡುತ್ತಾರೆ. ನಮ್ಮ ತಾಣ ಅಳಿದದ್ದು ಹಾಗೆ ಮುಟ್ಟಿ ನೋಡುವವರಿಲ್ಲದೆ.

ಆದ್ದರಿಂದ ನಮ್ಮ ಬಳಗ ಈಗ ಮಾಡಿಕೊಂಡಿರುವ ನಿಯಮಗಳು ಇವು. ತಾಣದ ವಿಳಾಸ ಒಬ್ಬರ ಹೆಸರಿನಲ್ಲಿರದೆ ಬಳಗದ ಹೆಸರಿನಲ್ಲಿರಬೇಕು. ಕೀಲಿಪದಗಳು ಬೇರೆ ಬೇರೆ ನಗರಗಳ ಇಬ್ಬರ ಬಳಿ ಇರಬೇಕು. ಬೆರಳಚ್ಚು ಅಹಮದಾಬಾದಿನಲ್ಲಿ, ಕರಡು ತಿದ್ದುವುದು ಸೂರತ್ತಿನಲ್ಲಿ, ತಾಣ ಕಟ್ಟುವುದು ವಡೋದರಾದಲ್ಲಿ. ಮೂರೂ ಊರುಗಳು ಒಂದೇ ರೈಲು ದಾರಿಯ ಮೇಲಿರುವುದರಿಂದ ಮೂರು ತಿಂಗಳಿಗೊಮ್ಮೆ ಕೂಡುವುದು ಕಷ್ಟವಲ್ಲ. ಪ್ರತಿ ರಾಜ್ಯೋತ್ಸವದಂದು, ಭಾಷಣಗಳಿಗೆ ಮುನ್ನ, ತಾಣವನ್ನು ತೆರೆದು ಪುಟಗಳನ್ನು ಪರೀಕ್ಷಿಸಿ, ಪೆನ್ ಡ್ರೈವುಗಳಿಗೆ ಹೊಸ ಪ್ರತಿ ಇಳಿಸಬೇಕು. ಯಾವ ಅಚ್ಚಿನ ಸಂಚಿಕೆಯನ್ನೂ ಇನ್ನು ಮುಂದೆ ರದ್ದಿಗೆ ಹಾಕಕೂಡದು.

ಹೊಸ ತಾಣದ ಮೊದಲ ಕಡತದಲ್ಲಿ ಮೂರೇ ಸಾಲುಗಳಿವೆ. ಗಿರಣಿಯ ಸದ್ದಿನಲ್ಲಿ ಸನ್ನೆಯಿಂದ ಮಾತನಾಡಿದವರನ್ನು ಕುರಿತ ಆ ಪ್ರಬಂಧದ ಉಳಿದ ಭಾಗ ಸಿಕ್ಕಿಲ್ಲ. ಅಂದು ಆ ಸಂಚಿಕೆಯನ್ನು ಒಯ್ದ ಕುಟುಂಬಗಳು ಈಗ ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಇನ್ನೆಲ್ಲೋ ಇರಬಹುದು. ಯಾರದಾದರೂ ಟ್ರಂಕಿನ ತಳದಲ್ಲಿ ಒಂದು ಪ್ರತಿ ಇದ್ದೀತು. ಇದನ್ನು ಓದುವ ಗೆಳೆಯರು ದಯವಿಟ್ಟು ಒಮ್ಮೆ ತೆರೆದು ನೋಡಬೇಕು. ಸಿಕ್ಕರೆ ಆ ಮೂರು ಸಾಲುಗಳ ಕೆಳಗೆ ಉಳಿದುದನ್ನು ಬೆರಳಚ್ಚು ಮಾಡಲು ಅವರ ಮಗ ಸೂರತ್ತಿನಲ್ಲಿ ಕಾಯುತ್ತಿದ್ದಾರೆ.